ಬನಹಟ್ಟಿಯ ಮೋಡೆಮ್ಮು, ಸೋಲಾಪುರದ ನವಿಲು

ಕಂಪ್ಯೂಟರ್ ರಿಪೇರಿಯಲ್ಲಿ ಕಂಪ್ಯೂಟರಿನ ದೋಷ ಹಿಡಿಯುವುದು ಸುಲಭ, ಅದು ಇರುವ ಮನೆಯ ಪದ್ಧತಿ ಹಿಡಿಯುವುದೇ ಕಷ್ಟ. ಹೀಗಾಗಿ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಅಂಗಡಿಯಲ್ಲಿ ಕೂತದ್ದಕ್ಕಿಂತ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಬಸ್ಸಿನಲ್ಲಿ ನಿಂತದ್ದೇ ಹೆಚ್ಚು. ಬೀಳಗಿಯ ಕಿರಾಣಿ ಅಂಗಡಿಯವರೊಬ್ಬರು ಧೂಳು ಕೂರಬಾರದೆಂದು ಚಾಲೂ ಇದ್ದ ಕಂಪ್ಯೂಟರಿಗೆ ರಗ್ಗು ಹೊದಿಸಿ, ಅದು ಕಾದಾಗ ಜ್ವರ ಬಂದಿದೆ ಎಂದು ನನ್ನನ್ನು ಕರೆಸಿದ್ದರು. ರಗ್ಗು ತೆಗೆದೆ, ಜ್ವರ ಇಳಿಯಿತು. ಇಷ್ಟಕ್ಕೆ ನೀವು ಯಾಕೆ ಬರಬೇಕಿತ್ತು ಎಂದು ಅವರೇ ನನ್ನನ್ನು ಕೇಳಿದರು.

ಅಂಥವನ್ನೆಲ್ಲ ಬಿಡುತ್ತೇನೆ. ಈಗ ಹೇಳುವುದು ಬನಹಟ್ಟಿಯ ಒಂದೇ ಮನೆಯ ಸುದ್ದಿ. ಇಂಟರ್ನೆಟ್ ಇನ್ನೂ ಫೋನಿನ ತಂತಿಯಲ್ಲೇ ಬರುತ್ತಿದ್ದ, ಬರುವ ಮೊದಲು ಆ ತಂತಿಯನ್ನು ಕಂಪ್ಯೂಟರಿಗೆ ಕೂಡಿಸುವ ಮೋಡೆಮ್ಮು ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಕಾಲ ಅದು.

ಕೇಳದೆ ತಂದದ್ದು

ಆ ಮನೆಯ ಸಾಹುಕಾರರದು ಸೀರೆ ನೇಯುವ ಪವರ್‌ಲೂಮ್ ಶೆಡ್ಡು. ಮುಂದೆ ಮನೆ, ಹಿಂದೆ ಮಗ್ಗಗಳು. ಅವರ ಸೀರೆಗಳನ್ನೆಲ್ಲ ಕೊಳ್ಳುತ್ತಿದ್ದವನು ಸೋಲಾಪುರದ ಒಬ್ಬ ವ್ಯಾಪಾರಿ. ಹೊಸ ಸೆರಗಿನ ಡಿಸೈನನ್ನು ಮೊದಲೆಲ್ಲ ಅವನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ. ಆ ವರ್ಷ ಫೋನ್ ಮಾಡಿ, ಇನ್ನು ಮೇಲೆ ಡಿಸೈನು ಇ-ಮೇಲಿನಲ್ಲೇ ಬರುತ್ತದೆ, ನಿಮ್ಮ ಕೈಲಾಗದಿದ್ದರೆ ದೀಪಾವಳಿ ಆರ್ಡರು ಇಚಲಕರಂಜಿಯ ಮಗ್ಗದವರಿಗೆ ಎಂದುಬಿಟ್ಟ. ಆ ಆರ್ಡರು ಹೋದರೆ ಮಗ್ಗಗಳು ನಿಲ್ಲುತ್ತವೆ, ನೇಯುವವರ ಮನೆಗಳಲ್ಲಿ ಹಬ್ಬ ಇರುವುದಿಲ್ಲ. ಸಾಹುಕಾರರು ಗಾಬರಿಯಾಗಿ ಎಲ್ಲಿಂದಲೋ ಒಂದು ಕಂಪ್ಯೂಟರ್ ತಂದು ನನಗೆ ಹೇಳಿ ಕಳಿಸಿದರು.

ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್. ಒಳಗಿದ್ದದ್ದು ಸಾಫ್ಟ್‌ವೇರ್ ಮೋಡೆಮ್ಮು. ಅಸಲಿ ಮೋಡೆಮ್ಮು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಈ ಜಾತಿಗೆ ಇರುವುದು ಬಾಯಿ, ಕಿವಿ ಮಾತ್ರ; ತಲೆಯನ್ನು ಕಂಪ್ಯೂಟರಿನಿಂದ ಕಡ ತರಬೇಕು. ಆ ಕಡ ತಂದ ತಲೆಗೆ ಡ್ರೈವರ್ ಎಂದು ಹೆಸರು. ಮೋಡೆಮ್ಮು ಮಾಡಿದವರು ಅದನ್ನು ವಿಂಡೋಸಿಗೆ ಮಾತ್ರ ಕೊಟ್ಟಿದ್ದರು. ಲಿನಕ್ಸಿನ ಪಾಲಿಗೆ ಅದು ಒಂದು ತಗಡು.

ಚಿಂತೆ ಬೇಡ, ನನ್ನ ಚೀಲದಲ್ಲಿ ವಿಂಡೋಸಿನ ಸೀಡಿ ಇದೆ, ಹಾಕಿಕೊಡುತ್ತೇನೆ ಎಂದೆ. ಸಾಹುಕಾರರು ಮೂಲತಃ ತೇರದಾಳದ ಕಡೆಯ ಜೈನರು, ಭಾಳ ನೇಮಸ್ಥರು. ಆ ಸೀಡಿ ಯಾರದು ಎಂದು ಕೇಳಿದರು. ಗೆಳೆಯನದು ಎಂದೆ. ಗೆಳೆಯನಿಗೆ ಯಾರು ಕೊಟ್ಟರು ಎಂದರು. ಅವನಿಗೂ ಒಬ್ಬ ಗೆಳೆಯ ಎಂದೆ. ಕಂಪನಿಯವರನ್ನು ಯಾರಾದರೂ ಕೇಳಿದ್ದೀರಾ ಎಂದರು. ಅದನ್ನು ಯಾರೂ ಕೇಳುವುದಿಲ್ಲ ಎಂದೆ.

"ಹಂಗಾರ ಅದು ಕಳವಾತ್ರಿ. ಚಾತುರ್ಮಾಸದಾಗ ಮುನಿ ಮಹಾರಾಜರ ಮುಂದ ವ್ರತ ತೊಗೊಂಡೇನಿ. ಕೊಡದ ತಂದದ್ದು ನಮ್ಮ ಮನ್ಯಾಗ ಬರೂದಿಲ್ಲ."

ಜಮಖಂಡಿ ತುಂಬ ಇದೇ ಸೀಡಿ ನಡೆಯುತ್ತದೆ ಎಂದು ನಾನು ವಾದ ಮಾಡಿದೆ. ಸಾಹುಕಾರರು ಮರುಕದಿಂದ ನನ್ನ ಮುಖ ನೋಡಿದರು.

"ಅಷ್ಟೂ ಮಂದಿ ನರಕಕ್ಕ ಹೋಗ್ತಾರಂದ್ರ ನಿಮಗೇನ್ರಿ ಚಿಂತಿ. ಅಲ್ಲೂ ಗಿರಾಕಿ ಸಿಗತಾರ."

ಸ್ಪೀಕರಿನ ಪಾಲಾದದ್ದು

ಲಿನಕ್ಸಿಗಾಗಿ ಆ ಡ್ರೈವರನ್ನು ಯಾರೋ ಪುಣ್ಯಾತ್ಮರು ತಾವೇ ಬರೆದು, ಬೇಕಾದವರು ಒಯ್ಯಿರಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ವ್ರತಕ್ಕೂ ಅಡ್ಡಿ ಇಲ್ಲ. ಆದರೆ ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂದು ಹಿರಿಯರು ಹೇಳಿದ್ದು ಈ ಮೋಡೆಮ್ಮನ್ನು ಕಂಡೇ ಇರಬೇಕು. ಜಮಖಂಡಿಗೆ ಹೋಗಿ ನನ್ನ ಅಂಗಡಿಯಲ್ಲಿ ಇಳಿಸಿ, ಫ್ಲಾಪಿಗೆ ಹಾಕಿಕೊಂಡು ಮತ್ತೆ ಬನಹಟ್ಟಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಡೊಳ್ಳಿನ ಪದ ಹಾಡುವ ಮೇಳದವರು ಬೀರೇಶ್ವರನ ಜಾಗರಣೆ ಮುಗಿಸಿ ಹೊರಟಿದ್ದರು. ನಿಂತವರ ಚೀಲವನ್ನು ಕೂತವರು ಹಿಡಿದುಕೊಳ್ಳುವುದು ನಮ್ಮ ಕಡೆಯ ರಿವಾಜು. ಮೇಳದ ಹಿರಿಯರೊಬ್ಬರು ನನ್ನ ಚೀಲ ಇಸಿದುಕೊಂಡು, ತೊಡೆಯ ಮೇಲಿದ್ದ ದೊಡ್ಡ ಸ್ಪೀಕರಿನ ಮೇಲೆ ಜೋಪಾನವಾಗಿ ಇಟ್ಟುಕೊಂಡರು. ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟೇ ಇದ್ದರು. ಬನಹಟ್ಟಿಯಲ್ಲಿ ಇಳಿದು ಫ್ಲಾಪಿ ಹಾಕಿದರೆ ಒಳಗೆ ಏನೂ ಇಲ್ಲ. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಅದು ಫ್ಲಾಪಿಯನ್ನು ಒರೆಸಿ ಹಾಕುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಅಷ್ಟು ಅಕ್ಕರೆಯಿಂದ ಹಿಡಿದವರ ಕೈಯಿಂದ ಚೀಲ ಕಸಿದುಕೊಳ್ಳುವುದು ಹೇಗೆ?

ನಡೆದದ್ದನ್ನು ಸಾಹುಕಾರರಿಗೆ ಹೇಳಿದೆ. ಅವರು ಖಾಲಿ ಫ್ಲಾಪಿಯನ್ನು ತಿರುಗಿಸಿ ನೋಡಿ ಕೇಳಿದರು:

"ಹಂಗಾರ ಈಗ ಆ ಸ್ಪೀಕರಿನಾಗ ಇಂಟರ್ನೆಟ್ ಬರತೈತೇನ್ರಿ?"

ಕಿವಿ ಮಂದ

ಮತ್ತೊಂದು ಫ್ಲಾಪಿ ತಂದೆ, ಈ ಸಲ ಅಂಗಿಯ ಕಿಸೆಯಲ್ಲಿ. ಲಿನಕ್ಸಿನಲ್ಲಿ ಡ್ರೈವರ್ ಮಾಡಿಟ್ಟ ಅಡುಗೆಯ ಹಾಗೆ ಬರುತ್ತಿರಲಿಲ್ಲ. ದಿನಸಿ ಕೊಟ್ಟು ನೀವೇ ಮಾಡಿಕೊಳ್ಳಿ ಎನ್ನುತ್ತಿದ್ದರು. ಮಾಡಿದೆ, ಕೆಟ್ಟಿತು, ಮತ್ತೆ ಮಾಡಿದೆ. ಕಡೆಗೆ ಕಂಪ್ಯೂಟರು ಮೋಡೆಮ್ಮನ್ನು ಗುರುತಿಸಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಡಯಲ್ ಮಾಡಲು ಹೇಳಿದರೆ, ಫೋನಿನ ಸದ್ದೇ ಕೇಳುತ್ತಿಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು.

ಸಾಹುಕಾರರು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಗುಂಯ್ ಎಂದು ಛಲೋ ಕೇಳುತ್ತಿದೆ ಎಂದರು. ನಮ್ಮ ಎಕ್ಸ್‌ಚೇಂಜಿನ ಸದ್ದು ಆ ಮೋಡೆಮ್ಮಿಗೆ ಪರಿಚಯವಿಲ್ಲ, ಹೊರದೇಶದ ಸದ್ದಿಗೆ ಕಾಯುತ್ತ ಕೂತಿದೆ ಎಂದು ವಿವರಿಸಿದೆ. ಅವರಿಗೆ ಅದು ಸರಿ ಕಾಣಲಿಲ್ಲ. ಕಿವಿ ಮಂದ ಇರಬೇಕು ಎಂದು, ರಿಸೀವರನ್ನು ಕಂಪ್ಯೂಟರಿನ ಡಬ್ಬಿಗೆ ಒತ್ತಿ ಹಿಡಿದರು. ಎದುರಿನ ಮುಖವೋ ಹಿಂದಿನ ಮುಖವೋ ತಿಳಿಯದೆ ಸುತ್ತ ಹಿಡಿದು ನೋಡಿದರು. ಅಷ್ಟರಲ್ಲಿ ನಾನು, ಸದ್ದಿಗೆ ಕಾಯದೆ ನೇರ ಡಯಲ್ ಮಾಡು ಎಂಬ ಆಜ್ಞೆಯನ್ನು ಟೈಪ್ ಮಾಡಿ, ರಿಸೀವರ್ ಇಡಿ ಎಂದೆ. ಇಟ್ಟರು. ಮೋಡೆಮ್ಮು ಡಯಲ್ ಮಾಡಿತು, ಕಿರುಚಿತು, ಕೂಡಿಕೊಂಡಿತು.

ಅಂದಿನಿಂದ ಆ ಮನೆಯಲ್ಲಿ ಇಂಟರ್ನೆಟ್ ಹಚ್ಚುವ ಮೊದಲು ಡಬ್ಬಿಗೆ ರಿಸೀವರ್ ಕೇಳಿಸುವುದು ಪದ್ಧತಿಯಾಯಿತು. ಬೇಕಿಲ್ಲ ಎಂದು ಹೇಳಿ ನೋಡಿದೆ. "ಇರಲಿ ಬಿಡ್ರಿ, ಒಂದ್ ಮಾತ್ ಕೇಳಿಸಿದ್ರ ಏನ್ ಹೋಗತೈತಿ" ಎಂದರು.

ಹೊತ್ತು ಮುಳುಗುವುದರೊಳಗೆ

ಮೋಡೆಮ್ಮು ಕೂಡಿತು ಎಂದು ಸೋಲಾಪುರಕ್ಕೆ ಫೋನ್ ಹೋಯಿತು. ವ್ಯಾಪಾರಿ ಡಿಸೈನಿನ ಚಿತ್ರ ಕಳಿಸಿದ. ಸಾಹುಕಾರರು ತಮ್ಮ ಡಿಸೈನ್ ಮಾಸ್ತರರನ್ನು ಕರೆಸಿ ಪರದೆಯ ಮುಂದೆ ಕೂರಿಸಿದರು. ಈ ಮಾಸ್ತರರ ಕೆಲಸ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೆರಗಿನ ಮೇಲೆ ಬರಬೇಕಾದ ಚಿತ್ರವನ್ನು ಅವರು ಮೊದಲು ಗ್ರಾಫ್ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಬರೆಯುತ್ತಾರೆ. ಅದೇ ಪ್ರಕಾರ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟಿದರೆ ಮಗ್ಗ ಹಾಗೆಯೇ ನೇಯುತ್ತದೆ.

ಚಿತ್ರ ಆಮೆಯ ಹಾಗೆ ಬರತೊಡಗಿತು. ಅಷ್ಟರಲ್ಲಿ ಸಾಹುಕಾರರ ಹೆಂಡತಿ ಊಟಕ್ಕೆ ಏಳಿರೆಂದು ಬಾಗಿಲಿಗೆ ಬಂದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಂದವನನ್ನು ಉಣ್ಣಿಸದೆ ಕಳಿಸುವುದೂ ಇಲ್ಲ.

"ವೈನಿ, ಇದೊಂದು ಚಿತ್ರ ಬಂದ ಬಿಡಲಿ" ಎಂದು ಬೇಡಿಕೊಂಡೆ.

"ಚಿತ್ರ ನಾಳೆ ಬಂದ್ರೂ ನಡೀತೈತ್ರಿ. ಇವತ್ತಿನ ಹೊತ್ತು ನಾಳೆ ಬರೂದಿಲ್ಲ, ಏಳ್ರಿ."

ಎದ್ದೆ. ಪೂರ್ತಿ ಬಂದ ಮೇಲೆ ನೋಡಿ ಎಂದು ಮಾಸ್ತರರಿಗೆ ಹೇಳಿ ಒಳಗೆ ಹೋಗಿ, ಸಾಹುಕಾರರ ಪಕ್ಕದಲ್ಲಿ ಕೂತು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆ. ಕೈ ತೊಳೆಯುವಾಗ ಕರೆಂಟು ಹೋಯಿತು. ಹೊರಗೆ ಬಂದರೆ ಪರದೆ ಕಪ್ಪು, ಆದರೆ ಮಾಸ್ತರರು ಗ್ರಾಫ್ ಕಾಗದ ಸುತ್ತಿಕೊಂಡು ಹೊರಟು ನಿಂತಿದ್ದರು. ಮುಖದಲ್ಲಿ ಸಂತೋಷ.

"ಭಾರಿ ಶ್ಯಾಣ್ಯಾ ಅದಾನ್ರಿ ಸೋಲಾಪುರದಾಂವ. ಚೌಕ ಹಾಕೇ ಕಳಿಸ್ಯಾನ. ನನ್ನ ಅರ್ಧಾ ಕೆಲಸ ಉಳೀತು."

ಅವರು ಏನು ಹೇಳಿದರೆಂದು ನನಗೆ ತಿಳಿಯಲಿಲ್ಲ. ಹೊಗಳಿದರು ಎಂಬುದಷ್ಟೇ ತಿಳಿಯಿತು. ಇನ್ನು ಮೇಲೆ ಹೀಗೆಯೇ ಬರುತ್ತದೆ ಎಂದು ಗತ್ತಿನಿಂದ ಹೇಳಿ ಬಸ್ಸು ಹತ್ತಿದೆ.

ಯಾರಿಗೆ ಹಲೋ

ಮಗ್ಗ ಮಾದರಿ ಸೀರೆ ನೇಯಿತು, ಸೀರೆ ಸೋಲಾಪುರಕ್ಕೆ ಹೋಯಿತು. ಅಲ್ಲಿಂದ ಫೋನ್ ಬಂತು: ನಾನು ಕಳಿಸಿದ್ದು ನವಿಲು, ನೀವು ನೇಯ್ದದ್ದು ಏನು?

ಸಾಹುಕಾರರು ಕೂಡಲೇ ನನಗೆ ಫೋನ್ ಮಾಡಿದರು. ನಾನು ಓಡಿದೆ. ಮಾದರಿಯ ಇನ್ನೊಂದು ಸೀರೆ ಬಿಚ್ಚಿ ತೋರಿಸಿದರು. ಸೆರಗಿನ ತುಂಬ ಹಸಿರು, ನೀಲಿ, ಹಳದಿ ಚೌಕಗಳು. ಆಗ ನನಗೆ ಗೊತ್ತಾಯಿತು. ಕೆಲವು ಚಿತ್ರಗಳು ಇಂಟರ್ನೆಟ್ಟಿನಲ್ಲಿ ಬರುವಾಗ ಮೊದಲು ದಪ್ಪ ದಪ್ಪ ಚೌಕಗಳಾಗಿ ಕಾಣಿಸಿ, ಬರಬರುತ್ತ ಸ್ಪಷ್ಟವಾಗುತ್ತವೆ. ನಡುವೆ ಸಂಪರ್ಕ ಕಡಿದರೆ ಚೌಕಗಳೇ ಉಳಿಯುತ್ತವೆ. ಜಗತ್ತಿನಲ್ಲಿ ಬೇರೆ ಯಾರೇ ನೋಡಿದ್ದರೂ ಚಿತ್ರ ಕೆಟ್ಟಿದೆ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಗ್ರಾಫ್ ಕಾಗದ ನೋಡಿದ ಮಾಸ್ತರರಿಗೆ ಅದು ಸಿದ್ಧ ಡಿಸೈನಾಗಿ ಕಂಡಿತ್ತು.

ಚಿತ್ರವನ್ನು ಮತ್ತೆ ಇಳಿಸಲು ಕೂತೆ. ಕಡಿಯಿತು. ಮತ್ತೆ ಹಚ್ಚಿದೆ, ಮತ್ತೆ ಕಡಿಯಿತು. ಡ್ರೈವರನ್ನು ಬೈದೆ, ಬಿಚ್ಚಿದೆ, ಹೊಸದಾಗಿ ಮಾಡಿದೆ. ಬರೆದ ಪುಣ್ಯಾತ್ಮರನ್ನೂ ಬಿಡಲಿಲ್ಲ. ನಾನು ತಲೆ ಕೆಟ್ಟು ಕೂತಿದ್ದಾಗ ಮಾಸ್ತರರು ಚಹಾ ಕುಡಿಯೋಣ ಎಂದು ನನ್ನನ್ನು ಮಗ್ಗಗಳು ಬಡಿದುಕೊಳ್ಳುವ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಯ ಮೇಲೆ ಒಂದು ಫೋನು. ಮನೆಯ ಫೋನಿನದೇ ಇನ್ನೊಂದು ತುದಿ. ನೋಡುತ್ತಿದ್ದಂತೆ ಒಬ್ಬ ನೇಕಾರ ಬಂದು ರಿಸೀವರ್ ಎತ್ತಿ, "ಹಲೋ" ಎಂದು, ಇಟ್ಟು ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ, ಹಲೋ ಎಂದ, ಇಟ್ಟು ಹೋದ. ಗಂಟೆ ಬಾರಿಸಿರಲೇ ಇಲ್ಲ. ಮೋಡೆಮ್ಮು ಮಾತಾಡುವಾಗ ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಅಲ್ಲಿಗೆ ಮುಗಿಯಿತು. ಆ ದಿನ ನಾವು ಉಣ್ಣುವಾಗ ನವಿಲು ಚೌಕದಲ್ಲೇ ನಿಂತದ್ದೂ ಇದರಿಂದಲೇ.

ನನಗೆ ಸಿಟ್ಟು ನೆತ್ತಿಗೇರಿತು. ಬಾರಿಸದ ಫೋನನ್ನು ಯಾಕೆ ಎತ್ತುತ್ತೀರಿ ಎಂದು ಆ ಎರಡನೆಯವನ ಕಿವಿಯಲ್ಲಿ ಕೂಗಿ ಕೇಳಿದೆ. ಅವನು ನನ್ನ ಕಿವಿಯಲ್ಲಿ ಕೂಗಿದ:

"ಮಗ್ಗದ ಸಪ್ಪಳದಾಗ ಬಾರಿಸಿದ್ದು ಎಲ್ಲಿ ಕೇಳತೈತ್ರಿ? ಅದಕ್ಕ ಹೋಗ್ತಾ ಬರ್ತಾ ಎಲ್ಲಾರೂ ಎತ್ತಿ ನೋಡತೇವಿ. ಯಾರರೆ ಇದ್ರ ಇರ್ತಾರ."

ನಿಲ್ಲಿಸುವುದು

ಶೆಡ್ಡಿನ ಫೋನು ಬಿಚ್ಚಿಟ್ಟೆ. ಚಿತ್ರ ಪೂರ್ತಿ ಬಂತು. ನವಿಲು, ಒಂದೊಂದು ಗರಿಯ ಕಣ್ಣೂ ಕಾಣುವಂತೆ. ಸಾಹುಕಾರರು ಅದನ್ನು ನೋಡಿ ಗೋಡೆಗೆ ಒರಗಿ ಕೂತರು. ಆರ್ಡರು ಇಚಲಕರಂಜಿಗೆ ಹೋದಂತೆಯೇ ಎಂದು ನಮಗೆಲ್ಲ ಅನಿಸಿತ್ತು. ಮಾಸ್ತರರು ತಲೆ ಎತ್ತಲಿಲ್ಲ.

ಕಂಪ್ಯೂಟರಿನ ಮೇಲೆ ಹಾಕಿ ಪಾರಾಗಬಹುದಿತ್ತು. ಸಾಹುಕಾರರು ಹಾಗೆ ಮಾಡುವವರಲ್ಲ. ಸೋಲಾಪುರಕ್ಕೆ ತಾವೇ ಫೋನ್ ಮಾಡಿ, ತಪ್ಪು ನಮ್ಮದು, ನವಿಲು ಈಗ ಬಂತು, ನೇಯಲು ಅವಕಾಶ ಕೊಟ್ಟರೆ ಕೊಡಿ, ಇಲ್ಲವಾದರೆ ನಿಮ್ಮಿಷ್ಟ ಎಂದರು. ಆ ಕಡೆಯಿಂದ ಏನೋ ಉದ್ದಕ್ಕೆ ಮಾತು ಬಂತು. ಸಾಹುಕಾರರು ಹೂಂ ಹೂಂ ಎನ್ನುತ್ತ ಕೇಳಿ, ರಿಸೀವರ್ ಇಟ್ಟು, ನಮ್ಮ ಕಡೆ ತಿರುಗಿದರು.

ವ್ಯಾಪಾರಿ ಸಿಟ್ಟಿನಲ್ಲಿ ಆ ಮಾದರಿ ಸೀರೆಯನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿದ್ದನಂತೆ. ಅದನ್ನು ನೋಡಿದ ಹೆಣ್ಣುಮಕ್ಕಳು ಒಳಗೆ ಬಂದು ಅದೇ ಬೇಕೆಂದು ಹಟ ಹಿಡಿದರಂತೆ. ನವಿಲು ಇಚಲಕರಂಜಿಯವರೂ ನೇಯುತ್ತಾರೆ, ಈ ಚೌಕ ಎಲ್ಲೂ ಇಲ್ಲ, ದೀಪಾವಳಿಯ ಪೂರ್ತಿ ಆರ್ಡರು ಇದೇ ಇರಲಿ, ಹೊಸದಾಗಿ ಒಂದು ಕಮಲದ ಚಿತ್ರ ಕಳಿಸುತ್ತೇನೆ, ಅದನ್ನೂ ಇದೇ ತರಹ ಮಾಡಿಕೊಡಿ ಎಂದನಂತೆ.

ಶೆಡ್ಡಿನಲ್ಲಿ ಸುದ್ದಿ ತಿಳಿದು ನೇಕಾರರೆಲ್ಲ ನಕ್ಕರು. ಸಾಹುಕಾರರ ಮನೆಯವರು ಎಲ್ಲರ ಕೈಗೂ ಬೆಲ್ಲ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು.

ಮರುವಾರ ಸಾಹುಕಾರರು ಮತ್ತೆ ಕರೆಸಿದರು. ಕಮಲ ಬಂದಿತ್ತು. ಮೋಡೆಮ್ಮು ಒಮ್ಮೆಯೂ ಕಡಿಯದೆ, ಎಸಳಿನ ಮೇಲಿನ ನೀರಿನ ಹನಿಯವರೆಗೆ ಪೂರ್ತಿ ತಂದಿಟ್ಟಿತ್ತು. ಮಾಸ್ತರರು ಅದರ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇಷ್ಟು ಸ್ಪಷ್ಟ ಬಂದರೆ ಇದನ್ನು ಆ ನಮೂನಿ ಚೌಕ ಮಾಡುವುದು ತಮ್ಮಿಂದ ಆಗುವುದಿಲ್ಲ ಎಂದರು. ಸಾಹುಕಾರರು ಸಂಕೋಚದಿಂದ ಕೇಳಿದರು:

"ಇಂಜಿನಿಯರ್ರ, ಸಿಟ್ಟಾಗಬ್ಯಾಡ್ರಿ. ಇದನ್ನ ಮೊದಲಿನ್ಹಂಗ ಕೆಡಿಸಿ ಕೊಡಾಕ ಬರತೈತೇನು?"

ಅಷ್ಟು ಕಷ್ಟಪಟ್ಟು ಸರಿ ಮಾಡಿದ್ದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಶೆಡ್ಡಿನ ಫೋನನ್ನು ಮಾತ್ರ ಮತ್ತೆ ಜೋಡಿಸಿಕೊಟ್ಟೆ. ಆಮೇಲೆ ಡಿಸೈನು ಬರುವ ದಿನ ಮಾಸ್ತರರು ಪರದೆಯ ಮುಂದೆ ಕೂರುತ್ತಿದ್ದರು, ಸಾಹುಕಾರರು ನಡುಬಾಗಿಲಲ್ಲಿ ನಿಲ್ಲುತ್ತಿದ್ದರು, ಶೆಡ್ಡಿನಲ್ಲಿ ಒಬ್ಬ ನೇಕಾರ ರಿಸೀವರಿನ ಮೇಲೆ ಕೈ ಇಟ್ಟು ಕಾಯುತ್ತಿದ್ದ. ಚೌಕಗಳು ಹದಕ್ಕೆ ಬಂದ ಕೂಡಲೆ ಮಾಸ್ತರರು ಕೈ ಎತ್ತುತ್ತಿದ್ದರು, ಸಾಹುಕಾರರು ಟವೆಲ್ ಬೀಸುತ್ತಿದ್ದರು, ನೇಕಾರ ರಿಸೀವರ್ ಎತ್ತಿ ಹಲೋ ಎನ್ನುತ್ತಿದ್ದ.

ಕಂಪ್ಯೂಟರ್ ಕೊಳ್ಳಬೇಕೆನ್ನುವ ಊರಿನ ಬೇರೆ ಸಾಹುಕಾರರಿಗೆಲ್ಲ ಅವರು ನನ್ನ ಹೆಸರನ್ನೇ ಹೇಳುತ್ತಿದ್ದರಂತೆ.

"ಮೋಡೆಮ್ಮು ಭಾರಿ ಛಲೋ ಕುಂಡ್ರಿಸಿ ಕೊಟ್ಟಾರ್ರಿ. ಒಮ್ಮೆ ಹಲೋ ಅಂದ್ರ ಸಾಕು, ನಿಂತ ಬಿಡತೈತಿ."