ತೊಲೆಗೆ ಮುತ್ತಿಟ್ಟ ಮುದ್ದೆ

ಎಲೈ ನಾಲಗೆಯೇ, ಹುರುಳಿಸಾರಿನ ಖಾರಕ್ಕೂ ಅಂಜದವಳೇ, ಈ ಮಹಾಸಮರದ ಕಥೆ ಮುಗಿಯುವ ತನಕ ತೊದಲದಿರು! ಮನೆಮನೆಗೂ ಗ್ಯಾಸ್ ಒಲೆ ಬಂದು, ಮಿಕ್ಸಿಯ ಆರ್ಭಟಕ್ಕೆ ಬೆದರಿದ ಒರಳುಕಲ್ಲುಗಳು ಹಿತ್ತಿಲಿಗೆ ವನವಾಸ ಹೊರಟ ಕಲಿಕಾಲವದು. ಆಗಲೂ ನಾಗಮಂಗಲದ ಮರಿಲಿಂಗೇಗೌಡರ ಹೆಂಚಿನ ಮನೆಯಲ್ಲಿ ಒಂದು ರಾಜದಂಡ ಮಾತ್ರ ಕೈ ಬದಲಾಗದೆ ಉಳಿದಿತ್ತು. ಅದು ಮುದ್ದೆ ಕೋಲು. ಅದನ್ನು ಧರಿಸಿದವಳು ಹಿರಿಸೊಸೆ ಸಾಕಮ್ಮ: ರಾಗಿಪಿಷ್ಟಮರ್ದಿನಿ, ಕಂಕಣಝಣತ್ಕಾರಭೀಷಣೆ, ಹಿಟ್ಟಿನ ಗಂಟುಗಳ ಪಾಲಿಗೆ ಪ್ರಳಯಾಂತಕಿ.

ಮೂಲೆಯಲ್ಲಿ ಅವರೆಕಾಳಿನ ಬೋಗುಣಿಯ ಮುಂದೆ ಕುಳಿತವಳು ಕಿರಿಸೊಸೆ ನಳಿನಾಕ್ಷಿ. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈ ಮನೆಗೆ ಬಂದಂದಿನಿಂದ ನೆನೆದ ಕಾಳನ್ನು ಹಿತುಕುವುದೇ ಅವಳ ಪಾಲಿಗೆ ಬಂದ ತಪಸ್ಸು. ಆ ಕೋಲೊಂದು ಕೈಗೆ ಬಂದರೆ ತಾನೂ ಈ ಮನೆಯವಳೇ ಆಗಿಬಿಟ್ಟೆ ಎಂದು ಅವಳ ಎದೆ ದಿನವೂ ಗುನುಗುತ್ತಿತ್ತು.

ಅಂದು ಮಧ್ಯಾಹ್ನ ಸಾಕಮ್ಮ ಹಬೆಯಾಡುವ ಮುದ್ದೆಯನ್ನು ಒದ್ದೆಗೈಯಲ್ಲಿ ಕಟ್ಟುತ್ತ, ಬಿಸಿ ತಾಳದೆ ಗೇಣುದ್ದ ಮೇಲಕ್ಕೆ ಚಿಮ್ಮಿಸಿ ಹಿಡಿದಳು. ನಳಿನಾಕ್ಷಿಯ ಬಾಯಿ ಸುಮ್ಮನಿರಲಿಲ್ಲ.

"ನೋಡಕ್ಕ, ಮೇಲೆ ತುದಿಗೆ ಹೋದಾಗ ಅದರ ವೇಗ ಸೊನ್ನೆ ಆಗುತ್ತೆ."

"ಸೊನ್ನೆ ಆದ್ರೆ ಅಲ್ಲೇ ನಿಂತ್ಕಬೇಕು ತಾನೆ? ಯಾಕಮ್ಮಿ ಬೀಳ್ತದೆ?"

"ವೇಗ ನಿಂತ್ರೂ ಭೂಮಿ ಎಳೆಯೋದು ನಿಲ್ಲಲ್ಲ ಅಕ್ಕ. ಹೋಗುವಾಗ ಎಷ್ಟೋ, ನಿಂತಾಗ್ಲೂ ಅಷ್ಟೇ, ಬರುವಾಗ್ಲೂ ಅಷ್ಟೇ."

"ಓಹೋ, ಭೂಮ್ತಾಯಿ ನಿನ್ ಕಿವೀಲಿ ಬಂದ್ ಹೇಳುದ್ಲಾ? ಹಿಟ್ಟು ತೊಳಸೋಕೆ ಬರ್ದಿದ್ರೂ ಮಾತು ಚೆಂದಾಗಿ ತೊಳಸ್ತೀಯ ಬುಡು!"

ಹೊಸಿಲ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಅತ್ತೆ ಕೆಂಪಾಜಮ್ಮ ಕಿಸಕ್ಕನೆ ನಕ್ಕರು. ಆ ನಗೆಯೆಂಬ ನಿಶಿತಶರ ನಾಟಿದ್ದೇ ತಡ, ನಳಿನಾಕ್ಷಿ ಸೆರಗು ಸಿಕ್ಕಿಸಿ ಎದ್ದಳು. ಅವಳ ಅಂತರಂಗ ಗರ್ಜಿಸಿತು: 'ಎಲೈ ದಂಡಗರ್ವಿತೆಯೇ, ಕೇಳು! ಈ ಪಿಷ್ಟಗೋಳವನ್ನು ನಭೋಮಂಡಲಕ್ಕೆ ಚಿಮ್ಮಿಸಿ, ಅದರ ವೇಗವೆಲ್ಲ ಬಸಿದು ಬರಿದಾಗುವ ಕ್ಷಣಕ್ಕೇ ಸರಿಯಾಗಿ ಈ ತೊಲೆಯ ಗಲ್ಲಕ್ಕೆ ಮುತ್ತಿಡಿಸದಿದ್ದರೆ, ಆಚಂದ್ರಾರ್ಕ ಅವರೆಕಾಳು ಹಿತುಕುತ್ತ ಬಿದ್ದಿರುವೆನು!' ಬಾಯಿಗೆ ಬಂದದ್ದು ಇಷ್ಟೇ: "ತೊಲೆಗೆ ಮುಟ್ಟಿಸ್ತೀನಿ ಅಕ್ಕ. ಮೆತ್ಕೊಳ್ಳಲ್ಲ."

"ಮುಟ್ಟಿ, ಮೆತ್ಕಳ್ದೆ ಬಂದ್ರೆ ಕೋಲು ನಿಂದು," ಎಂದು ಅತ್ತೆ ತೀರ್ಪು ಕೊಟ್ಟರು. "ಮೆತ್ಕತೋ, ಏಣಿ ಹಾಕಿ ನೀನೇ ಕೆರೀಬೇಕು."

"ತಗಾ, ನನ್ ಮುದ್ದೆನೇ ಎಸಿ!" ಸಾಕಮ್ಮನ ಮೂಗುಬೊಟ್ಟು ಮಿಂಚಿತು. "ನಾ ತೊಳಸಿದ್ರಲ್ಲಿ ಒಂದೇ ಒಂದ್ ಗಂಟು ಸಿಕ್ಕುದ್ರೂ ಸೈತ ಕೋಲು ಬುಟ್ಬುಡ್ತೀನಿ."

ನಳಿನಾಕ್ಷಿ ಮುದ್ದೆಯನ್ನು ಅಂಗೈಯಲ್ಲಿ ತೂಗಿದಳು. ಬಲ ಹೆಚ್ಚಾದರೆ ತೊಲೆಗೆ ಅಪ್ಪಳಿಸಿ ಸಗಣಿಯಂತೆ ಮೆತ್ತೀತು, ಕಮ್ಮಿಯಾದರೆ ನಡುದಾರಿಯಲ್ಲೇ ನಾಚಿ ಹಿಂದಿರುಗೀತು. ಉಸಿರು ಬಿಗಿಹಿಡಿದಳು. ಎಸೆದಳು.

ಏನೆಂದು ಬಣ್ಣಿಸಲಿ! ಹಬೆಯ ಜಟೆ ಬಿಚ್ಚಿಕೊಂಡು, ಕರಿಮುಗಿಲ ಕೂಸಿನಂತೆ ಮುದ್ದೆ ಮೇಲೇರಿತು. ಕೆಳಗಿನಿಂದ ಭೂದೇವಿ ಒಂದೇ ಸಮನೆ ಸೆರಗು ಜಗ್ಗುತ್ತಿದ್ದಳು, ಕ್ಷಣಕ್ಷಣಕ್ಕೂ ಅಷ್ಟಷ್ಟೇ ವೇಗವನ್ನು ಕಸಿಯುತ್ತಿದ್ದಳು. ಉಪ್ಪಿನಕಾಯಿ ಜಾಡಿಗಳನ್ನು ದಾಟಿತು, ಸಾರಿನಪುಡಿ ಡಬ್ಬಗಳನ್ನು ದಾಟಿತು, ನಿಧಾನವಾಯಿತು, ಮತ್ತೂ ನಿಧಾನವಾಯಿತು. ಮಸಿಹಿಡಿದ ತೊಲೆಯನ್ನು, ತೊಟ್ಟಿಲ ಕೂಸಿನ ಕೆನ್ನೆ ಮುಟ್ಟುವಂತೆ, ಮುಟ್ಟಿತು. ನಿಂತಿತು! ರೆಪ್ಪೆ ಬಡಿಯುವಷ್ಟು ಹೊತ್ತು ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಭೂದೇವಿಯ ಕೈ ಮಾತ್ರ ಸೆರಗು ಬಿಟ್ಟಿರಲಿಲ್ಲ. ತೊಲೆಗೆ ಚೂರೂ ಮೆತ್ತದೆ ಮುದ್ದೆ ಇಳಿಯತೊಡಗಿತು, ಕಳೆದುಕೊಂಡ ವೇಗವನ್ನೆಲ್ಲ ಒಂದೊಂದಾಗಿ ಹೆಕ್ಕಿಕೊಳ್ಳುತ್ತ. ನಳಿನಾಕ್ಷಿ ಅಂಜಲಿಯೊಡ್ಡಿದಳು.

ಅಷ್ಟರಲ್ಲಿ ಮೊಬೈಲಿನಲ್ಲೇ ಕಣ್ಣು ನೆಟ್ಟ ಮಾವ ಮರಿಲಿಂಗೇಗೌಡರು, "ಮುದ್ದೆ ಇಕ್ರವ್ವ, ಹೊಟ್ಟೆ ಹಸೀತದೆ," ಎನ್ನುತ್ತ ಒಳಬಂದು ನಡುವೆ ತಟ್ಟೆಯೊಡ್ಡಿದರು.

ಧೊಪ್!

"ಇಷ್ಟ್ ಬೇಗ್ನೆ ಇಕ್ಬುಟ್ರಾ?" ಎಂದು ಮೆಚ್ಚಿ, ತಲೆಯೆತ್ತದೆ ಕುಳಿತು, ಮುರಿದು, ಸಾರಿಗದ್ದಿ ನುಂಗಿದರು.

ನಳಿನಾಕ್ಷಿ ಅತ್ತೆಯತ್ತ ತಿರುಗಿದಳು. "ಅತ್ತೆ, ನೋಡಿದ್ರಲ್ಲ? ಮುಟ್ತಲ್ಲ?"

"ಮುಟ್ತಾ? ನಾ ಸುಣ್ಣ ಹಚ್ಕತಿದ್ದೆ ಕನವ್ವ."

ನಳಿನಾಕ್ಷಿ ಕತ್ತೆತ್ತಿ ನೋಡಿದಳು. ತೊಲೆಯ ಮೇಲೆ ಸಾಕ್ಷಿಗೆ ಒಂದು ಗುರುತೂ ಇರಲಿಲ್ಲ. ಇರಬಾರದೆಂದೇ ತಾನೆ ಅವಳು ಎಸೆದದ್ದು! ಆಗ ಮಾವನ ಗಂಟಲಲ್ಲಿ ಏನೋ ಸಿಕ್ಕಿದಂತಾಯಿತು.

"ಗಂಟದೆ ಕನ್ರವ್ವ," ಎಂದರು, ನೀರು ಕುಡಿಯುತ್ತ.

ಪ್ರಳಯಾಂತಕಿಯ ಮುಖ ಕಪ್ಪಿಡಬೇಕಿತ್ತು. ಇಡಲಿಲ್ಲ. ಸಾಕಮ್ಮ ಕೋಲನ್ನು, ಬಿಸಿ ಕೆಂಡದಿಂದ ಕೈ ಬಿಡಿಸಿಕೊಳ್ಳುವವಳಂತೆ, ನಳಿನಾಕ್ಷಿಯ ಕೈಗೆ ತುರುಕಿದಳು.

"ತಗಾ. ಮಾತಂದ್ರೆ ಮಾತು. ನನ್ ರಟ್ಟೆಯೂ ಬಿದ್ದೋಗಿತ್ತು. ಆಮೇಲೆ, ಕೋಲ್ ಹಿಡ್ದೋರೇ ತಪ್ಪಲೆ ಉಜ್ಜಬೇಕು, ಮರೀಬ್ಯಾಡ."

ಹೀಗೆ ನಭೋಮಂಡಲವನ್ನು ಗೆದ್ದ ನಳಿನಾಕ್ಷಿ, ಒಂದು ಗಂಟಿನ ಕೃಪೆಯಿಂದ ರಾಜದಂಡ ಪಡೆದು, ತೆಂಗಿನ ನಾರು ಹಿಡಿದು ನಲ್ಲಿಯ ಮುಂದೆ ಕುಕ್ಕರಿಸಿದಳು. ಹಿಂದೆ, ಕಾಲು ಚಾಚಿ ಕುಳಿತ ಸಾಕಮ್ಮನ ಬೆರಳ ಸಂದಿಯಿಂದ ಅವರೆಬೇಳೆಯೊಂದು ಪುಳಕ್ಕನೆ ಮೇಲೆ ಹಾರಿ, ಬೋಗುಣಿಗೆ ಬಿತ್ತು. ಇನ್ನೊಂದನ್ನು ಬೇಕೆಂದೇ ಹಾರಿಸಿ ಕಣ್ಣು ಕಿರಿದು ಮಾಡಿ ನೋಡಿದಳು.

"ನಿಜ ಕನಮ್ಮಿ. ಒಂದ್ ಗಳಿಗೆ ನಿಂತ್ಕತದೆ."

ನಳಿನಾಕ್ಷಿ ತಿರುಗಲಿಲ್ಲ. ತಳ ಹಿಡಿದ ಸೀಕಲು ಬಿಡುತ್ತಿರಲಿಲ್ಲ.