ಬಾಗಿಲಿತ್ತು, ದಾರಿಯಿರಲಿಲ್ಲ

ತಾನೇ ಜಾಣನೆಂದು ನಂಬಿದವನಿಗೆ ಬುದ್ಧಿ ಹೇಳುವುದು ಬಲು ಕಷ್ಟ. ಆ ಕಷ್ಟವನ್ನು ನನ್ನ ಹೆಂಡತಿ ಮದುವೆಯಾದಾಗಿನಿಂದ ಪಡುತ್ತಿದ್ದಾಳೆ. ಎಪ್ಪತ್ತರ ದಶಕದಲ್ಲಿ ನಾನು ಅಣ್ಣಿಗೇರಿಯಲ್ಲಿ ದಸ್ತಾವೇಜು ಬರೆಯುತ್ತಿದ್ದೆ. ಹೊಲದ ಖರೀದಿಯಿರಲಿ, ಮನೆಯ ಪಾಲಿರಲಿ, ಚಕ್ಕಡಿ ಹಾಯುವ ದಾರಿಯನ್ನು ಮರೆಯದೆ ಬರೆಯುವವನೆಂದು ನನಗೆ ಹೆಸರಿತ್ತು. ದಾರಿ ಬರೆಸದೆ ಹೊಲ ಕೊಂಡ ಗುರಪ್ಪ ಕಾಕಾ ಬಂದು ಗೋಳು ಹೇಳಿಕೊಂಡಾಗ, "ಕಾಗದದಾಗ ಇಲ್ಲಂದ್ರ ಇಲ್ಲರಿ" ಎಂದು ಗತ್ತಿನಿಂದ ಕಳಿಸಿದ್ದೆ.

ಮುಂದೆ ಅದೇ ಕಾಕಾನ ಮನೆಯ ಬೀದಿ ಕಡೆಯ ಖೋಲಿಯನ್ನು ನನ್ನ ಕೆಲಸಕ್ಕೆಂದು ಬಾಡಿಗೆಗೆ ಹಿಡಿದೆ. ಕರಾರು ಬರೆದವನೂ ನಾನೇ. ನಾಲ್ಕು ಗೋಡೆ, ಒಂದು ಬಾಗಿಲು, ಬೀದಿಗೆ ಒಂದು ಕಿಟಕಿ, ಅಂಗಿ ತೂಗುಹಾಕುವ ಏಳು ಮೊಳೆ, ಒಂದನ್ನೂ ಬಿಡಲಿಲ್ಲ. ಬಾಗಿಲು ತೆರೆಯುತ್ತಿದ್ದುದು ಕಾಕಾನ ಕಟ್ಟೆಯ ಮೇಲೆ. ಆ ಕಟ್ಟೆಯನ್ನು ಮಾತ್ರ ಬರೆಯಲಿಲ್ಲ.

ಮೊದಲ ದಿನ ಕಟ್ಟೆ ಹತ್ತಲು ಹೋದರೆ, ವಿಭೂತಿ ಧರಿಸಿ ಕೂತಿದ್ದ ಕಾಕಾ ಕೋಲು ಅಡ್ಡ ಹಿಡಿದರು. "ಖೋಲಿ ನಿಮ್ದು ಹೌದ್ರಿ. ಕಟ್ಟಿ ನಂದು. ನಾ ದಿನಾ ಹಳ್ಳದ ರಾಡ್ಯಾಗ ಹಾದು ಹೊಲಕ್ಕ ಹೋಗ್ತೇನಿ. ನೀವು ಕಿಟಕ್ಯಾಗ ಹಾದು ಹೋಗ್ರಿ, ಕಿಟಕಿ ಕಾಗದದಾಗ ಐತಿ."

ಹೋದೆ! ಕಾಕಾ ಕಲ್ಲುಹೃದಯದವರೇನಲ್ಲ. "ಸಾವಕಾಶ್ರಿ, ಧೋತರಾ ಸಿಕ್ಕೊಂತೈತಿ" ಎಂದು ತಾವೇ ಕೈಹಿಡಿದು ಹತ್ತಿಸುತ್ತಿದ್ದರು, ಚಹಾನೂ ಕಿಟಕಿಯಲ್ಲೇ ಕೊಡುತ್ತಿದ್ದರು. ಆದರೆ ಗಿರಾಕಿಗಳು ಬೀದಿಯಲ್ಲಿ ನಿಂತು ನೋಡಿ, "ತನ್ನ ದಾರಿ ತಾನು ಬರಕೊಳ್ಳದಾಂವ ನಮ್ದೇನು ಬರದಾನು?" ಎನ್ನುತ್ತ ಬೇರೆಯವರ ಬಳಿ ಹೋಗತೊಡಗಿದರು. ಹದಿನೈದು ದಿನ ಒಂದು ಕಾಗದವೂ ಬರಲಿಲ್ಲ. ಮನೆಯಲ್ಲಿ ಜೋಳದ ಡಬ್ಬಿಯ ತಳ ಕಂಡಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊನೆಗೆ ಕಾಕಾನ ಪಕ್ಕದ ಹೊಲದವನ ಕೈಕಾಲು ಹಿಡಿದು, ಚಕ್ಕಡಿ ದಾರಿ ಒಪ್ಪಿಸಿ, ಆ ಪತ್ರವನ್ನು ಪುಕ್ಕಟೆ ಬರೆದುಕೊಟ್ಟೆ. ಕಾಕಾನ ಕಣ್ಣು ತುಂಬಿತು. "ನಿಮಗ ಬೇಕಾದ್ದು ಬರಕೊಳ್ರಿ, ಸಹಿ ಹಾಕ್ತೇನಿ" ಎಂದರು. ನನ್ನ ತಲೆಯ ತುಂಬ ಓಡಿಹೋದ ಗಿರಾಕಿಗಳೇ. 'ಖೋಲಿಗೆ ಬರುವ ಗಿರಾಕಿಗಳು ಕಟ್ಟೆಯ ಮೇಲೆ ಹಾದುಹೋಗುವ ಹಕ್ಕುಳ್ಳವರು' ಎಂದು ದುಂಡಗೆ ಬರೆದು ಸಹಿ ಹಾಕಿಸಿದೆ.

ಮರುದಿನ ಕಟ್ಟೆಯ ಮೆಟ್ಟಿಲಿಗೆ ಕಾಲಿಟ್ಟೆ. ಕಾಕಾ ಚಾಳೀಸು ಏರಿಸಿ ಕಾಗದವನ್ನು ಎರಡು ಸಲ ಓದಿದರು. "ನೀವು ಗಿರಾಕಿ ಏನ್ರಿ?"

ದಾರಿಯ ಸುದ್ದಿ ಕೇಳಿ ಕಟ್ಟೆ ಹಾದು ಬಂದ ನಾಲ್ಕು ಜನ ಗಿರಾಕಿಗಳು ಆಗಲೇ ಒಳಗೆ ಆರಾಮಾಗಿ ಕೂತಿದ್ದರು. ಪಾಪ, ಒಳ್ಳೆಯವರು. ಇಬ್ಬರು ಎದ್ದುಬಂದು ನನ್ನನ್ನು ಕಿಟಕಿಯಿಂದ ಒಳಗೆಳೆದುಕೊಂಡರು.