ಹೋಗುವ ದಾರಿ, ಬರುವ ದಾರಿ

ಕರೋಲ್ ಬಾಗ್‌ನ ಆ ಹೋಟೆಲಿಗೆ ಇಂಟರ್ನೆಟ್ ಫೋನು ಬಂದದ್ದು ಅದರ ಮಾಲಕಿ ವಸಂತಿಯಕ್ಕ ಮಗಳ ಬಾಣಂತನಕ್ಕೆಂದು ಬಹರೈನಿಗೆ ಹೋದ ಮೇಲೆ. ದಿನಾ ಹತ್ತು ಗಂಟೆಗೆ ಅಲ್ಲಿಂದ ಫೋನು ಮಾಡಿ, ಮ್ಯಾನೇಜರ್ ಸುಕೇಶನಿಂದ ರಿಸೀವರನ್ನು ದೋಸೆಕಲ್ಲಿನ ಹತ್ತಿರ ಹಿಡಿಸುತ್ತಿದ್ದರು. ಚುಂಯ್ ಎಂಬ ಸದ್ದಿನಲ್ಲೇ ಕಲ್ಲು ಕಾದಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿತ್ತು.

ಆ ದಿನ ಸುಕೇಶನಿಗೆ ಹತ್ತು ದಿನದ ರಜೆ ಕೇಳಬೇಕಿತ್ತು. ಊರಿನಲ್ಲಿ ಮಗಳು ಹುಟ್ಟಿ ಐದು ತಿಂಗಳಾದರೂ ಅವನು ಮುಖ ನೋಡಿರಲಿಲ್ಲ. ಫೋನು ಬಂತು.

"ಹಲೋ, ಅಕ್ಕಾ?"

ಆ ಕಡೆ ಹಾಳುಬಾವಿಯಷ್ಟು ಮೌನ. ಹದಿನೈದು ಸಲ ಹಲೋ ಅಂದರೂ ಉತ್ತರವಿಲ್ಲ.

"ಆ ಇಂಟರ್ನೆಟ್ ಡಬ್ಬಿಗೆ ಎರಡು ಬಡಿ," ಎಂದ, ಕಾಫಿಗೆ ಬಂದಿದ್ದ ಪಕ್ಕದಂಗಡಿಯ ಚಿದಂಬರ. ಬಡಿದದ್ದಾಯಿತು. "ಹಾಗಾದ್ರೆ ಎತ್ತರಕ್ಕೆ ಹಿಡಿ." ಸುಕೇಶ ಡಬ್ಬಿ ಹಿಡಿದು ಅಕ್ಕಿ ಡ್ರಮ್ಮು ಹತ್ತಿ ನಿಂತ. ಗಿರಾಕಿಗಳು ಇಡ್ಲಿ ಬಿಟ್ಟು ಅವನನ್ನು ನೋಡಿದರು.

"ಲೈನು ಸತ್ತಿದೆ ಮಾರಾಯ," ದೋಸೆ ಹುಯ್ಯುವ ತುಕ್ರಣ್ಣ ನಕ್ಕ. "ಧೈರ್ಯ ಇದ್ರೆ ಈಗ ಕೇಳು ನೋಡುವ ರಜೆ."

ಒಂಬತ್ತು ವರ್ಷದಲ್ಲಿ ಒಮ್ಮೆಯೂ ದನಿ ಎತ್ತದ ಸುಕೇಶ ಡ್ರಮ್ಮಿನ ಮೇಲಿಂದಲೇ ಶುರುಮಾಡಿದ. "ಅಕ್ಕಾ, ನೀವು ತೆಂಗಿನಕಾಯಿ ತುರಿದ್ರೆ ಕರಟವೂ ಚಟ್ನಿಗೆ ಬೀಳ್ತದೆ, ಅಷ್ಟು ಜಿಪುಣರು. ರಜೆ ಕೊಡಿ, ಇಲ್ಲದಿದ್ರೆ ಆ ಕಲ್ಲಿನ ಮೇಲೆ ನೀವೇ ಬಂದು ಕೂತ್ಕೊಳ್ಳಿ."

ಎಲ್ಲರೂ ಮೇಜು ತಟ್ಟಿದರು. ಸುಕೇಶ ರಿಸೀವರ್ ಇಟ್ಟು, ಹಗುರಾಗಿ ಇಳಿದು, ಮೊಬೈಲಿನಿಂದ ಫೋನ್ ಕಂಪನಿಗೆ ದೂರು ಕೊಟ್ಟ.

"ಲೈನು ಸತ್ತಿಲ್ಲ ಭಯ್ಯಾ," ಅಲ್ಲಿಯ ಹುಡುಗಿ ಹಿಂದಿಯಲ್ಲಿ ಸಮಾಧಾನವಾಗಿ ವಿವರಿಸಿದಳು. "ಮಾತು ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಬರುವ ದಾರಿಗೆ ನಿಮ್ಮ ಡಬ್ಬಿ ಬಾಗಿಲು ಹಾಕಿದೆ. ಅದರ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ಚಿಂತೆ ಬೇಡ, ನೀವು ಹೇಳಿದ್ದೆಲ್ಲ ಅವರಿಗೆ ಕೇಳಿಸಿರುತ್ತೆ."

ಸುಕೇಶನ ಕಿವಿ ದೋಸೆಕಲ್ಲಿನಂತೆ ಕಾದಿತು. ಡಬ್ಬಿ ಆರಿಸಿ, ಮುಖ ತೋರಿಸಲಾಗದೆ ಗೋಡೆಗೆ ತಿರುಗಿ, ಎರಡು ನಿಮಿಷ ಎಣಿಸಿ ಮತ್ತೆ ಹಾಕಿ, ತಾನೇ ಬಹರೈನಿಗೆ ಫೋನು ಮಾಡಿದ.

"ಅಕ್ಕಾ, ತಪ್ಪಾಯ್ತು. ಕರಟ ಚಟ್ನಿಗೆ ಬೀಳ್ತದೆ ಅಂದದ್ದು, ಜಿಪುಣರು ಅಂದದ್ದು, ಕಲ್ಲಿನ ಮೇಲೆ ಕೂತ್ಕೊಳ್ಳಿ ಅಂದದ್ದು, ಎಲ್ಲ ಬಾಯಿತಪ್ಪಿ ಬಂತು. ರಜೆಯೂ ಬೇಡ."

ಈ ಸಲ ವಸಂತಿಯಕ್ಕನ ದನಿ ಪಕ್ಕದ ಮೇಜಿನಿಂದ ಬಂದಷ್ಟು ಸ್ಪಷ್ಟವಾಗಿ ಬಂತು.

"ನಿನ್ನ ಹಲೋ ಹಲೋ ಕೇಳಿ ತಲೆನೋವು ಬಂತು ಅಂತ ಫೋನು ಮೇಜಿನ ಮೇಲೆ ಹಾಕಿ ಮಗುವಿಗೆ ಸ್ನಾನ ಮಾಡಿಸ್ಲಿಕ್ಕೆ ಹೋಗಿದ್ದೆ. ನಂಗೆ ಎಂತದೂ ಕೇಳ್ಲಿಲ್ಲ ಸುಕೇಶ. ಈಗ ಮೊದಲಿಂದ ಹೇಳು, ನಿಧಾನಕ್ಕೆ."